ಅರ್ಥ್ ಇಲ್ಲದ ಹಾಡು

ನಮ್ಮ ಮನೆಗೆ ಬಂದವರು ಮೊದಲು ಮೋಸ ಹೋಗುವುದು ಊಟದ ಮೇಜಿನ ಮೇಲಿರುವ ಬಿಸ್ಕತ್ತಿನ ಡಬ್ಬಿಯ ಹತ್ತಿರ. ತಗಡಿನದು, ಚೌಕಾಕಾರದ್ದು, ಮುಚ್ಚಳದ ಮೇಲೆ ಮಾಸಿದ ಗುಲಾಬಿ ಹೂಗಳು. ಮಾತಾಡುತ್ತ ಮಾತಾಡುತ್ತ ಅವರ ಕೈ ತಾನಾಗಿಯೇ ಅದರತ್ತ ಹೋಗುತ್ತದೆ. ಮುಚ್ಚಳ ಏಳುವುದಿಲ್ಲ, ಏಕೆಂದರೆ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಿದ್ದೇನೆ. ಆಮೇಲೆ ಮುಂದಿನ ತಿರುಗಣೆ, ಹಿಂದಿನ ಸಾಕೆಟ್ಟು, ಪಕ್ಕದಲ್ಲಿ ನೇತಾಡುವ ವೈರು ಒಂದೊಂದಾಗಿ ಕಣ್ಣಿಗೆ ಬೀಳುತ್ತವೆ. "ಏನ್ರೀ ಇದು?" ಎಂದು ಕೈ ಹಿಂದಕ್ಕೆಳೆದುಕೊಳ್ಳುತ್ತಾರೆ. "ಮೈಕಿನ ಪ್ರಿ-ಆಂಪ್ಲಿಫೈಯರ್ರು" ಎಂದು ನಾನು ಹೇಳುವಷ್ಟರಲ್ಲಿ ನಮ್ಮ ಯಜಮಾನರು ಒಳಗಿನಿಂದ "ಮುಟ್ಟಬ್ಯಾಡ್ರಿ, ಕಡೀತೈತಿ" ಎಂದು ಕೂಗುತ್ತಾರೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ನಮ್ಮ ಊಟದ ಮೇಜಿನ ಮೇಲೆ ಊಟಕ್ಕಿಂತ ಬೆಸುಗೆಯೇ ಹೆಚ್ಚು ನಡೆಯುತ್ತದೆ ಎನ್ನುವುದು ಅವರ ಹಳೆಯ ದೂರು. ಒಮ್ಮೆ ಮೊಸರನ್ನದಲ್ಲಿ ರೆಸಿಸ್ಟರ್ ಸಿಕ್ಕಿದ್ದನ್ನು ಬೀಗರ ಎದುರಿಗೂ ಹೇಳಿಬಿಟ್ಟಿದ್ದಾರೆ. ಅದು ಸುಳ್ಳೇನೂ ಅಲ್ಲ.

ಈ ಡಬ್ಬಿ ಹುಟ್ಟಿದ್ದು ದೊಡ್ಡವ್ವನ ಸಲುವಾಗಿ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಕುರುಗೋಡಿನ ಹಂಪಮ್ಮ. ಎಂಬತ್ತು ದಾಟಿರಬೇಕು, ಕೇಳಿದರೆ "ಎಪ್ಪತ್ತೋ ಏನೋ, ಯಾರ್ ಬರ್ದಿಟ್ಟಾರ?" ಎನ್ನುತ್ತಾಳೆ. ಹೋದ ಬೇಸಿಗೆಯಲ್ಲಿ ಅವಳ ಗಂಟಲಲ್ಲಿ ಒಂದು ಗಂಟು ಕಾಣಿಸಿತು. ಬಳ್ಳಾರಿಯ ಡಾಕ್ಟರು ನೋಡಿ, ಕೆಟ್ಟ ಗಂಟಲ್ಲ, ಆದರೆ ತೆಗೆಯಲೇಬೇಕು ಎಂದರು. "ದನಿ?" ಎಂದು ಕೇಳಿದೆ. "ಉಳಿಯಬಹುದು, ಬದಲಾಗಬಹುದು. ಈಗ ಹೇಳಾಕ ಬರಂಗಿಲ್ಲ ಮೇಡಮ್" ಎಂದರು. ಆಪರೇಷನ್ನಿಗೆ ಮೂರು ವಾರ ಇತ್ತು. ಪರೀಕ್ಷೆ ಗಿರೀಕ್ಷೆಗೆ ಓಡಾಡಲು ಅನುಕೂಲ ಎಂದು ಅವಳನ್ನು ಪಾರ್ವತಿನಗರದ ನಮ್ಮ ಮನೆಗೆ ಕರೆತಂದೆ. ನನ್ನ ತಲೆಯಲ್ಲಿದ್ದದ್ದು ಒಂದೇ ಮಾತು. ಈ ಮೂರು ವಾರದೊಳಗೆ ದೊಡ್ಡವ್ವನ ಹಾಡನ್ನು ಹಿಡಿದಿಡಬೇಕು.

ಆ ಹಾಡುಗಳನ್ನು ನಾನು ಕೇಳಿದ್ದು ಸಾಲಿಯ ರಜೆಯಲ್ಲಿ, ಕುರುಗೋಡಿನ ಅವಳ ಮನೆಯ ಕಟ್ಟೆಯ ಮೇಲೆ. ನನಗೆ ಜಡೆ ಹಾಕುವಾಗ ಹಾಡುತ್ತಿದ್ದಳು. ಹಾಡಿನ ಲಯಕ್ಕೆ ಸರಿಯಾಗಿ ಕೂದಲು ಜಗ್ಗುತ್ತಿದ್ದಳು. ಹಾಗಾಗಿ ಅವಳ ಹಾಡಿನ ತಾಳ ನನಗೆ ಇವತ್ತಿಗೂ ಕಿವಿಗಿಂತ ನೆತ್ತಿಯಲ್ಲಿ ಚೆನ್ನಾಗಿ ನೆನಪಿದೆ. ದೊಡ್ಡ ಗಂಟಲೇನೂ ಅಲ್ಲ ಅವಳದು. ಎದುರಿಗೆ ಕುಳಿತವರಿಗೆ ಮಾತ್ರ ಕೇಳುವಷ್ಟು ಸಣ್ಣ ದನಿ. ಸಾಲಿನ ಕೊನೆಗೆ ಇನ್ನೂ ಸಣ್ಣದಾಗಿ, ಮುಗಿಯಿತೋ ಇಲ್ಲವೋ ಗೊತ್ತಾಗದ ಹಾಗೆ ಮುಗಿಯುತ್ತಿತ್ತು. ನನಗೆ ಆ ಕೊನೆಯೇ ಬೇಕಾಗಿತ್ತು.

"ಮೊಬೈಲ್ ಐತಲ್ಲ, ಒತ್ತಿದ್ರ ಆತು" ಎಂದರು ಯಜಮಾನರು. ಒತ್ತಿ ನೋಡಿದೆ. ಅವಳು ಅಡಿಗೆಮನೆಯಲ್ಲಿ ಗುನುಗುತ್ತಿದ್ದುದನ್ನು ಕದ್ದು ಹಿಡಿದೆ. ಮೊಬೈಲಿಗೆ ತನ್ನದೇ ಒಂದು ಬುದ್ಧಿ ಇರುತ್ತದೆ. ತನಗೆ ಗದ್ದಲ ಅನಿಸಿದ್ದನ್ನು ಅದು ಅಳಿಸಿಹಾಕುತ್ತದೆ. ದೊಡ್ಡವ್ವನ ಸಾಲುಗಳ ಕೊನೆಯೂ ಅದಕ್ಕೆ ಗದ್ದಲವೆಂದೇ ಅನಿಸಿತು. ಕೇಳಿದರೆ ಪ್ರತಿ ಸಾಲಿನಲ್ಲೂ ಯಾರೋ ಅವಳ ಬಾಯಿ ಮುಚ್ಚಿದಂತಿತ್ತು. ಅಂಗಡಿಯಿಂದ ಒಳ್ಳೆಯ ಯಂತ್ರ ತರಿಸಬಹುದಿತ್ತು, ಅದು ನಿಜ. ಆದರೆ ಅಟ್ಟದ ಮೇಲೆ ನಮ್ಮಪ್ಪನ ಮೈಕು ಇತ್ತು, ನನ್ನ ಕೈಯಲ್ಲಿ ಬೆಸುಗೆಯ ಕಡ್ಡಿ ಇತ್ತು. ಪಾಠ ಮಾಡುವವರಿಗೆ ಇರುವ ಒಣ ಜಂಬವೂ ಇತ್ತು.

ನಮ್ಮಪ್ಪನ ವಿಷಯ ಬಂತಲ್ಲ, ಸ್ವಲ್ಪ ಅತ್ತ ಹೋಗಿ ಬರೋಣ. ಅವನದು ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮೈಕ್‌ಸೆಟ್ ಅಂಗಡಿ. ಮದುವೆ, ಪುರಾಣ, ನಾಟಕ, ಚುನಾವಣೆ, ಎಲ್ಲದಕ್ಕೂ ಅವನದೇ ಹಾರ್ನು. ಎಡಕ್ಕೊಂದು ಬಲಕ್ಕೊಂದು ಅಕ್ಕಿ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ಅವುಗಳ ಸದ್ದು. ಅದರ ನಡುವೆ ಕುಳಿತು ಅವನು ಮೈಕು ಬಿಚ್ಚಿ, ಕಿವಿಗೆ ಹಿಡಿದು, "ಸೊಂಯ್ ಅಂತೈತಿ" ಅಥವಾ "ಗುಂಯ್ ಅಂತೈತಿ" ಎಂದು ರೋಗ ಹೇಳುತ್ತಿದ್ದ. ಸೊಂಯ್ ಎಂದರೆ ಭಾಗಗಳ ಒಳಗಿನ ಗದ್ದಲ, ಗುಂಯ್ ಎಂದರೆ ಕರೆಂಟಿನಿಂದ ಹೊಕ್ಕ ಗದ್ದಲ. ನಾನು ಮುಂದೆ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಇದನ್ನೇ ಓದಿದೆ. ಆದರೆ ಇಷ್ಟು ಸ್ಪಷ್ಟವಾಗಿ ಅಲ್ಲ. ಬೆಸುಗೆಯ ತವರದ ಹೊಗೆಯ ವಾಸನೆ ಬಂದರೆ ನನಗೆ ಈಗಲೂ ಅಪ್ಪನ ಅಂಗಿಯ ತೋಳು ನೆನಪಾಗುತ್ತದೆ.

ಉಳಿದ ಮೈಕಿನವರೆಲ್ಲ "ಹಲೋ, ಮೈಕ್ ಟೆಸ್ಟಿಂಗ್, ವನ್ ಟೂ ತ್ರೀ" ಎನ್ನುತ್ತಿದ್ದರು. ನಮ್ಮಪ್ಪ ಹಾಗೆ ಅಂದದ್ದು ನನಗೆ ನೆನಪೇ ಇಲ್ಲ. ನೆಂಟರು ಬರುವುದಕ್ಕೆ ಮುಂಚೆ, ಖಾಲಿ ಹಂದರದಲ್ಲಿ ನಿಂತು, ಮೈಕನ್ನು ಬಾಯಿಗೆ ಹಿಡಿದು, ಬಹಳ ಗಂಭೀರವಾಗಿ ಹೇಳುತ್ತಿದ್ದ: "ಉಪ್ಪು. ಹುಣಸಿಹಣ್ಣು. ಒಣಮೆಣಸಿನಕಾಯಿ." ಒಂದು ಕ್ಷಣ ಬಿಟ್ಟು ಮತ್ತೊಮ್ಮೆ, "ಹುಣಸಿಹಣ್ಣು." ಊರೆಲ್ಲ ನಗುತ್ತಿತ್ತು. ಯಾರಾದರೂ ಕಿರಾಣಿ ಅಂಗಡಿಯವರು "ಎಷ್ಟ್ ಕಟ್ಲೆಪ್ಪಾ?" ಎಂದು ಕೂಗುವುದೂ ಇತ್ತು. ಅವನು ನಗುತ್ತಿರಲಿಲ್ಲ.

ಅದು ಅವನ ಎಂಜಿನಿಯರಿಂಗ್ ಬುದ್ಧಿ ಎಂದೇ ನಾನು ನಂಬಿದ್ದೆ. ನೋಡಿ, 'ಉಪ್ಪು' ಎಂದಾಗ ಬಾಯಿಂದ ಗಾಳಿ ಸಿಡಿದು ಮೈಕಿಗೆ ಬಡಿಯುತ್ತದೆ. 'ಹುಣಸಿ'ಯಲ್ಲಿರುವ ಸಕಾರ ಸೀಳುತ್ತದೋ ಇಲ್ಲವೋ ಗೊತ್ತಾಗುತ್ತದೆ. 'ಒಣಮೆಣಸಿನಕಾಯಿ'ಯಲ್ಲಿ ಮೂಗಿನ ಅಕ್ಷರಗಳು ಸಾಲಾಗಿ ಬರುತ್ತವೆ. ಸಕಾರವನ್ನು ಎರಡು ಸಲ ಪರೀಕ್ಷಿಸುವುದು ಒಳ್ಳೆಯದಾದ್ದರಿಂದ ಹುಣಸಿಹಣ್ಣು ಎರಡು ಸಲ. ಇದನ್ನು ನಾನು ವರ್ಷ ವರ್ಷವೂ ಕ್ಲಾಸಿನಲ್ಲಿ, ಬೋರ್ಡಿನ ಮೇಲೆ ಗೆರೆ ಎಳೆದು, ವಿವರಿಸಿದ್ದೇನೆ. ಕನ್ನಡಕ್ಕೆ ಇಂಥ ಪರೀಕ್ಷಾ ಸೂತ್ರ ಮಾಡಿದವನು ಏಳನೇ ಇಯತ್ತೆ ಓದಿದ ನಮ್ಮಪ್ಪ ಎಂದು ಹೆಮ್ಮೆಯಿಂದ ಹೇಳಿದ್ದೇನೆ. ಹುಡುಗಿಯರು ನೋಟ್ಸಿನಲ್ಲಿ ಬರೆದುಕೊಂಡಿದ್ದಾರೆ.

ಅಂಥ ಅಪ್ಪನೂ ಒಮ್ಮೆ ತಪ್ಪಿದ. ನನಗೆ ಎಂಟೋ ಒಂಬತ್ತೋ ವರ್ಷ. ತೆಕ್ಕಲಕೋಟೆಯಲ್ಲಿ ನಮ್ಮದೇ ಬಳಗದ ಮದುವೆ. ಆರತಿಯ ಹೊತ್ತಿಗೆ ಹೆಂಗಸರು ದೊಡ್ಡವ್ವನನ್ನು ಹಾಡು ಹಾಡು ಎಂದು ಪೀಡಿಸಿದರು. ಅಪ್ಪ ಓಡಿಬಂದು ಅವಳ ಮುಂದೆ ಮೈಕು ಇಟ್ಟ. ಹಾರ್ನಿನ ಮುಖ ಮೈಕಿನ ಕಡೆಗೇ ಇದ್ದದ್ದನ್ನು ನೋಡಲಿಲ್ಲ. ದೊಡ್ಡವ್ವನ ದನಿ ಸಣ್ಣದೆಂದು ತಿರುಗಣೆಯನ್ನು ಪೂರ್ತಿ ತಿರುಗಿಸಿಬಿಟ್ಟ. ಅವಳು ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದ್ದೇ ತಡ, ಹಾರ್ನು 'ಕೂಂಯ್ಯ್' ಎಂದು ಕಿರುಚಿತು. ತೊಟ್ಟಿಲ ಕೂಸುಗಳೆಲ್ಲ ಎದ್ದು ಅತ್ತವು. "ಹಂಪಮ್ಮನ ಕೊಳ್ಳಾಗ ಗುಂತಕಲ್ ರೈಲು ಹೊಕ್ಕೈತಲೇ" ಎಂದು ಯಾರೋ ಅಂದರು. ಇಡೀ ಹಂದರ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಎಂಟು ವರ್ಷದವಳಿಗೆ ಅದು ನಗುವ ವಿಷಯವೇ ಆಗಿತ್ತು. ಆದರೆ ನಕ್ಕದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ದೊಡ್ಡವ್ವ ಸೆರಗು ತಲೆಯ ಮೇಲೆಳೆದುಕೊಂಡು ಒಳಗೆ ಹೋದವಳು ಆಮೇಲೆ ಯಾವ ಮದುವೆಯಲ್ಲೂ ಮೈಕಿನ ಮುಂದೆ ನಿಲ್ಲಲಿಲ್ಲ.

ಅಪ್ಪ ತೀರಿಹೋಗಿ ಈಗ ಬಹಳ ವರ್ಷವಾಯಿತು. ಅಟ್ಟದಿಂದ ಅವನ ಮೈಕು ಇಳಿಸಿ ಒರೆಸುವಾಗ ನನಗೆ ಅನಿಸಿದ್ದು ಇಷ್ಟು: ಅವತ್ತಿನ ಆ ಕಿರುಚಾಟವನ್ನು ಇವತ್ತು ನಾನು ತೀರಿಸುತ್ತೇನೆ. ಸೊಂಯ್ ಇಲ್ಲದ, ಗುಂಯ್ ಇಲ್ಲದ ಪ್ರಿ-ಆಂಪ್ ಮಾಡುತ್ತೇನೆ.

ಮೈಕಿನಿಂದ ಬರುವ ವಿದ್ಯುತ್ತು ಎಷ್ಟು ಸಣ್ಣದೆಂದರೆ ಅದನ್ನು ಸಾವಿರ ಪಟ್ಟು ದೊಡ್ಡದು ಮಾಡಿದರೆ ಮಾತ್ರ ಕಂಪ್ಯೂಟರಿಗೆ ಮುಟ್ಟುತ್ತದೆ. ದೊಡ್ಡದು ಮಾಡುವುದೇನೂ ಕಷ್ಟವಲ್ಲ. ಮಾಡುವಾಗ ತನ್ನ ಗದ್ದಲವನ್ನು ಸೇರಿಸಬಾರದು, ಅಲ್ಲಿದೆ ಕಷ್ಟ. ಅದರಲ್ಲೂ ಮೊದಲ ಹಂತ ಮುಖ್ಯ. ಅಲ್ಲಿ ಸೇರಿದ ಗದ್ದಲವನ್ನು ಮುಂದಿನ ಹಂತಗಳು ಹಾಡಿನ ಜೊತೆಗೇ ದೊಡ್ಡದು ಮಾಡುತ್ತ ಹೋಗುತ್ತವೆ, ತೆಗೆಯಲಾರವು. ಹಾಗಾಗಿ ಇಪ್ಪತ್ತು ಟ್ರಾನ್ಸಿಸ್ಟರ್ ತರಿಸಿ, ಒಂದೊಂದನ್ನೂ ಹಚ್ಚಿ, ಹೆಡ್‌ಫೋನ್ ಹಾಕಿಕೊಂಡು ಆಲಿಸಿ, ವಧು-ವರರ ಜಾತಕ ನೋಡುವಂತೆ ಒಂದಕ್ಕೊಂದು ಹೊಂದುವ ಎರಡನ್ನು ಆರಿಸಿದೆ. ರೆಸಿಸ್ಟರ್ ಎಂಬ ಬಡಪಾಯಿ ಸುಮ್ಮನೆ ಕೂತಿದ್ದರೂ, ಮೈ ಬಿಸಿ ಇರುವ ಕಾರಣಕ್ಕೇ, ಒಂದಿಷ್ಟು ಗದ್ದಲ ಮಾಡುತ್ತದೆ. ಬೆಲೆ ಹೆಚ್ಚಿದಷ್ಟೂ ಗದ್ದಲ ಹೆಚ್ಚು. ಓಮ್‌ನಲ್ಲಿ ಅಳೆಯುವ ಬೆಲೆ, ದುಡ್ಡಿನದಲ್ಲ. ಅದಕ್ಕೇ ಮೈಕಿನ ಹತ್ತಿರ ಸಣ್ಣ ಸಣ್ಣ ರೆಸಿಸ್ಟರ್‌ಗಳನ್ನೇ ಇಟ್ಟೆ. ಇದನ್ನು ಯಜಮಾನರಿಗೆ ವಿವರಿಸಿದಾಗ, "ಬಳ್ಳಾರಿ ಬಿಸಿಲಾಗ ನಾ ಸುಮ್ನ ಕುಂತೀನಿ, ಗದ್ದಲ ಮಾಡೇನೇನು? ನಿನ್ನ ರೆಸಿಸ್ಟರ್‌ಗಿಂತ ನಾ ವಾಸಿ" ಎಂದರು. ಫ್ಯಾನು ಆರಿಸಿದ ಐದನೇ ನಿಮಿಷಕ್ಕೆ ಅವರ ಗದ್ದಲ ಶುರುವಾಯಿತು, ಆ ಮಾತು ಬೇರೆ.

ಹೌದು, ಫ್ಯಾನು ಆರಿಸಬೇಕಿತ್ತು. ಕಿಟಕಿ ಮುಚ್ಚಬೇಕಿತ್ತು. ಗೋಡೆಯಿಂದ ದನಿ ಪುಟಿಯಬಾರದೆಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಮಲಗುವ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದೆ. ಅದರಲ್ಲಿ ಎರಡು ದೊಡ್ಡವ್ವನೇ ಹಳೆ ಸೀರೆಗಳಿಂದ ಹೊಲಿದುಕೊಟ್ಟವು. ಅವಳು ಬಾಗಿಲಲ್ಲಿ ನಿಂತು ನೋಡಿದಳು.

"ಗಿರಿಜಾ, ಗ್ವಾಡಿಗಿ ಚಳಿ ಬಂದೈತೇನು?"

"ದನಿ ಮೆತ್ತಗ ಬರ್ತೈತಿ ದೊಡ್ಡವ್ವ."

"ನಂದು ಮೊದ್ಲ ಮೆತ್ತಗ ಐತಿ. ಇನ್ನೆಷ್ಟ್ ಮೆತ್ತಗ ಮಾಡ್ತಿ?"

ಹೀಗೆ ತಮಾಷೆ ಮಾಡುತ್ತಲೇ ಒಪ್ಪಿಕೊಂಡಳು. ಹತ್ತು ದಿನ ನನ್ನ ಹಿಂದೆ ಮುಂದೆ ಓಡಾಡಿ, ಬೆಸುಗೆ ನೋಡಿ, ಖಾಲಿ ಬಿಸ್ಕತ್ತಿನ ಡಬ್ಬಿಯನ್ನು ತಾನೇ ತೊಳೆದು ಒರೆಸಿ ಕೊಟ್ಟಿದ್ದಳು. ತಗಡಿನ ಡಬ್ಬಿಯೊಳಗಿಟ್ಟರೆ ಹೊರಗಿನ ಗದ್ದಲ ಒಳಗೆ ಬರುವುದಿಲ್ಲ ಎಂದು ನಾನು ಹೇಳಿದ್ದು ಅವಳಿಗೆ ಹಿಡಿಸಿತ್ತು. "ಇಲ್ಲಿ ನಗೋರು ಯಾರೂ ಇಲ್ಲಲ್ಲ?" ಎಂದು ಮಾತ್ರ ಒಮ್ಮೆ ಕೇಳಿದಳು. ಒಂದು ಮಧ್ಯಾಹ್ನ ಕೌದಿಗಳ ನಡುವೆ ಕುಳಿತು, ಬೆವರು ಒರೆಸಿಕೊಳ್ಳುತ್ತ, ಒಂದು ಹಾಡು ಪೂರ್ತಿ ಹಾಡಿದಳು. ಅವಳ ಮನಸ್ಸು ಎಲ್ಲಿ ಬದಲಾಗುವುದೋ ಎನ್ನುವ ಆತುರದಲ್ಲಿ ನಾನು ಮೈಕ್ ಟೆಸ್ಟ್ ಕೂಡ ಮಾಡಲಿಲ್ಲ. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದ.

ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಸೊಂಯ್ ಇರಲಿಲ್ಲ, ಒಂದಿಷ್ಟೂ ಇರಲಿಲ್ಲ. ಆದರೆ ಹಾಡಿನ ಉದ್ದಕ್ಕೂ ಗುಂಯ್. ಸಾಲಿನ ಕೊನೆಗಳೆಲ್ಲ ಅದರಲ್ಲಿ ಮುಳುಗಿಹೋಗಿದ್ದವು. ಅಳುವೇ ಬಂತು. ಕೂಡಲೇ ಕೌಲ್‌ಬಜಾರಿನ ಬಾಷಾ ಅಣ್ಣನಿಗೆ ಫೋನ್ ಹಚ್ಚಿದೆ. ಅವನು ಮೋಟಾರ್ ರಿವೈಂಡಿಂಗ್ ಮಾಡುವವನು. ಹರೆಯದಲ್ಲಿ ನಮ್ಮಪ್ಪನ ಜೊತೆ ಹಾರ್ನು ಕಟ್ಟುತ್ತಿದ್ದ; ಈಗ ಕರೆಂಟಿನ ಯಾವ ಕಾಯಿಲೆಗೂ ನನಗೆ ಅವನೇ ವೈದ್ಯ. ನಮ್ಮ ಮಾತು ಹೀಗೆ ನಡೆಯಿತು.

"ಹೆಂಗ್ ಬಂತು ಗಿರಿಜಮ್ಮ?"

"ಏನ್ ಬಂತು ತಗೋ ಬಾಷಾ ಅಣ್ಣ. ಬರೇ ಗುಂಯ್ ಅಂತೈತಿ. ಕೇಳಾಕ ಆಗವಲ್ದು."

"ಅರ್ಥ್ ಐತೇನು ಅದರಾಗ?"

"ಎಲ್ಲೀ ಅರ್ಥ್? ಏನೂ ಅರ್ಥ್ ಇಲ್ಲ. ಹಳೇದು, ಒಣಗಿ ಹೋಗೈತಿ. ಅದನ್ನ ಕಿತ್ತು ಒಗದು ಹೊಸಾದು ಹಾಕಬೇಕು."

ಓದುತ್ತಿರುವ ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲಿಲ್ಲ. ಬಾಗಿಲ ಆಚೆ ದೊಡ್ಡವ್ವ ಮಲ್ಲಿಗೆ ಕಟ್ಟುತ್ತ ಕುಳಿತಿದ್ದಳು.

ಮರುದಿನ ಬೆಳಿಗ್ಗೆ ಅವಳು ಚೀಲ ಹಿಡಿದು ನಿಂತಿದ್ದಳು. "ಎಮ್ಮಿ ಈಯೂದೈತಿ, ಹೋಗ್ತೀನಿ" ಎಂದಳು. ಎಮ್ಮೆ ಹಿಂದಿನ ತಿಂಗಳೇ ಈದಿತ್ತು, ಗಿಣ್ಣು ನಮ್ಮ ಮನೆಗೂ ಬಂದಿತ್ತು. ಆಪರೇಷನ್ನಿಗೆ ಎಂಟು ದಿನ ಇದೆ, ಇನ್ನೊಂದು ಸಲ ಹಾಡಬೇಕು ಎಂದೆ. "ಹಾಡೂ ಬ್ಯಾಡ, ಏನೂ ಬ್ಯಾಡ. ಆಪರೇಷನ್ನಿಗೆ ಬರ್ತೀನಿ ಬಿಡು" ಎಂದು ಬಸ್ಸು ಹತ್ತಿಬಿಟ್ಟಳು. ಗೋಡೆಯ ಮೇಲಿನ ಕೌದಿಗಳಲ್ಲಿ ತಾನು ಹೊಲಿದ ಎರಡನ್ನು ಕಳಚಿ, ಮಡಚಿ ಮಂಚದ ಮೇಲಿಟ್ಟು ಹೋಗಿದ್ದಳು.

ನಾನು ಅದನ್ನು ವಯಸ್ಸಾದವರ ಹಟ ಎಂದುಕೊಂಡು, ಗುಂಯ್ ಹಿಂದೆ ಬಿದ್ದೆ. ಬಾಷಾ ಅಣ್ಣ ಬಂದು ನೋಡಿದ. ನಮ್ಮಿಬ್ಬರ ಊಹೆ ಸರಿಯಾಗಿತ್ತು. ನಮ್ಮ ಹಿತ್ತಲಲ್ಲಿ ಮನೆಯ ಕರೆಂಟನ್ನು ನೆಲಕ್ಕೆ ಕಟ್ಟುವ ಗುಂಡಿ, ಅಂದರೆ ಅರ್ಥ್ ಗುಂಡಿ, ಒಣಗಿ ಕಲ್ಲಾಗಿತ್ತು. ತಂತಿ ಕಿತ್ತುಹೋಗಿತ್ತು. ಅಗೆದು, ಇದ್ದಿಲು ಉಪ್ಪು ಹಾಕಿ, ಹೊಸ ತಂತಿ ಕೂಡಿಸಿ, ಎರಡು ಕೊಡ ನೀರು ಸುರಿದೆವು. ಗುಂಯ್ ನಿಂತಿತು. ಹೆಡ್‌ಫೋನಿನಲ್ಲಿ ನನ್ನ ಉಸಿರು ನನಗೇ ಕೇಳುವಷ್ಟು ನಿಶ್ಶಬ್ದ. ಕುಣಿದಾಡುವಷ್ಟು ಸಂತೋಷದಲ್ಲಿ ಕುರುಗೋಡಿಗೆ ಫೋನ್ ಮಾಡಿದರೆ, ದೊಡ್ಡವ್ವ ಫೋನಿಗೇ ಬರಲಿಲ್ಲ. ಸೊಸೆ ಅಳುಕುತ್ತ ಹೇಳಿದಳು: "ಅತ್ತಿಯವ್ರು ಬರಂಗಿಲ್ಲಂತ್ರೀ. ಬಂದಾಗಿಂದ ಮನ್ಯಾಗೂ ಹಾಡವಲ್ರು."

ಮನೆಯಲ್ಲೂ ಹಾಡುತ್ತಿಲ್ಲ ಎಂದದ್ದು ನನ್ನ ಎದೆಗೆ ಚುಚ್ಚಿತು. ಭಾನುವಾರ ಡಬ್ಬಿ, ಮೈಕು, ಲ್ಯಾಪ್‌ಟಾಪು ಎಲ್ಲ ಚೀಲಕ್ಕೆ ತುಂಬಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಆಪರೇಷನ್ನಿಗೆ ಮೂರು ದಿನ ಉಳಿದಿತ್ತು.

ಅವಳು ಗುಡ್ಡದ ಕಡೆಗೆ ಮುಖಮಾಡಿರುವ ಕಲ್ಲುಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಬಾ ಎಂದಳು, ನೀರು ಕೊಟ್ಟಳು, ಮುಖ ಮಾತ್ರ ಬಿಗಿದುಕೊಂಡಿದ್ದಳು. ನಾನು ಡಬ್ಬಿ ತೆಗೆದದ್ದು ನೋಡಿ ಕಡಲೆಯ ಮೊರವನ್ನು ಪಕ್ಕಕ್ಕಿಟ್ಟಳು.

"ಅರ್ಥ ಇಲ್ಲದ ಹಾಡು ನಿನಗ್ಯಾಕ ಬೇಕವ್ವ?"

"ಯಾರಂದ್ರು ಹಂಗ?"

"ನೀನ ಅಂದಿ. ಬಾಷಾನ ಮುಂದ ಅಂದಿ. ಏನೂ ಅರ್ಥ ಇಲ್ಲ, ಹಳೇದು, ಒಣಗಿ ಹೋಗೈತಿ, ಕಿತ್ತು ಒಗೀಬೇಕು ಅಂದಿ. ಒಣಗೈತಿ, ಖರೆ ಐತಿ. ಆದ್ರ ಅರ್ಥ ಇಲ್ಲ ಅನಬಾರದಾಗಿತ್ತು. ನಮ್ಮವ್ವ ಕಲಿಸಿದ ಹಾಡದು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲು ನಗು ಬಂತು, ಅದರ ಬೆನ್ನಿಗೇ ಅಳು ಬಂತು. ಅವಳ ಕಣ್ಣಲ್ಲಿ ನೀರು ನೋಡಿ ನಗುವೂ ನಿಂತಿತು. ಅದು ಇಂಗ್ಲಿಷಿನ ಮಾತು ದೊಡ್ಡವ್ವ, ಅರ್ಥ್ ಎಂದರೆ ಭೂಮಿ, ಕರೆಂಟಿನ ತಂತಿಯನ್ನು ನೆಲದಲ್ಲಿ ಹೂಳುತ್ತಾರೆ, ಒಣಗಿದ್ದು ಆ ಗುಂಡಿ ಎಂದು ತಡವರಿಸುತ್ತ ಹೇಳಿದೆ. ನಂಬಲಿಲ್ಲ.

"ಭೂಮಿಗಿ ಯಾರಾದ್ರೂ ಅರ್ಥ ಅಂತಾರ? ಸಿಕ್ಕಿಬಿದ್ದಿ ಅಂತ ಸುಳ್ಳ ಹೇಳಬ್ಯಾಡ."

ಬಾಷಾ ಅಣ್ಣನಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ ಅವಳ ಕೈಗೆ ಕೊಟ್ಟೆ. ಅವನಿಗೆ ಇದೇನೂ ಗೊತ್ತಿರಲಿಲ್ಲ. ದೊಡ್ಡವ್ವ ನೇರವಾಗಿ ಕೇಳಿದಳು, "ಏನಪ್ಪಾ ಬಾಷಾ, ನನ್ನ ಹಾಡಿಗೆ ಅರ್ಥ ಇಲ್ಲೇನು?"

ಬಾಷಾ ಅಣ್ಣ ತನ್ನ ಕಸುಬಿನ ಗಾಂಭೀರ್ಯದಲ್ಲೇ ಹೇಳಿದ: "ಹಾಡಿಗ್ಯಾಕ ಅರ್ಥ್ ಅಮ್ಮ? ಡಬ್ಬಿಗಿ ಬೇಕು. ಗಿರಿಜಮ್ಮನ ಮನ್ಯಾಗ ಇರಲಿಲ್ಲ. ಈಗ ಎರಡು ಕೊಡ ನೀರು ಹಾಕೀವಿ, ಅರ್ಥ್ ಬಂದೈತಿ."

"ನೀರು ಹಾಕಿದ್ರ ಬರ್ತೈತಾ?"

"ಬರ್ತೈತ್ರೀ. ಇದ್ದಿಲು, ಉಪ್ಪೂ ಹಾಕಬೇಕು."

ದೊಡ್ಡವ್ವ ಫೋನನ್ನು ಮಡಿಲಲ್ಲಿಟ್ಟುಕೊಂಡಳು. ಮೊದಲು ಭುಜ ಕುಲುಕಿದವು. ಆಮೇಲೆ ಬಾಯಿಗೆ ಸೆರಗು ಹಿಡಿದು ನಕ್ಕಳು, ಕಣ್ಣೀರು ಬರುವವರೆಗೆ ನಕ್ಕಳು. "ಇಷ್ಟು ಓದಿದ ಮಂದಿ ನೀವು, ನೆಲಕ್ಕ ನೀರ್ ಬೇಕು ಅಂತ ನೆಟ್ಟಗ ಅನ್ನಾಕ ಏನಾಗಿತ್ತು?" ಎಂದು ನನ್ನ ತಲೆಗೊಂದು ಮೊಟಕಿದಳು. ಎದ್ದು ಹೋಗಿ ಒಂದು ಕೊಡ ನೀರು ತಂದು ಅವರ ಮನೆಯ ಮೀಟರಿನ ಕೆಳಗೆ, ತಂತಿ ನೆಲಕ್ಕಿಳಿದ ಜಾಗದಲ್ಲಿ, ಸುರಿದೇಬಿಟ್ಟಳು. ಇಲ್ಲಿ ಬೇಕಾಗಿಲ್ಲ ದೊಡ್ಡವ್ವ, ನಾನು ಬ್ಯಾಟರಿ ತಂದಿದ್ದೇನೆ, ಬ್ಯಾಟರಿಯಲ್ಲಿ ಗುಂಯ್ ಬರುವುದಿಲ್ಲ ಎಂದೆ. "ಇರ್ಲಿ ತಗೋ, ಹಾಡಿಗೆ ಆದೀತು" ಎಂದಳು.

ಬ್ಯಾಟರಿಯ ವಿಷಯವನ್ನು ಇಷ್ಟು ಹೊತ್ತು ಬಚ್ಚಿಟ್ಟಿದ್ದೆ, ಹೇಳಿಬಿಡುತ್ತೇನೆ. ಒಂಬತ್ತು ವೋಲ್ಟಿನ ಎರಡು ಬ್ಯಾಟರಿ ಹಚ್ಚಿದ್ದರೆ ಈ ಗುಂಯ್ ಮೊದಲ ದಿನವೇ ಬರುತ್ತಿರಲಿಲ್ಲ. ಕರೆಂಟಿನ ತಂಟೆ ಇಲ್ಲ, ಅರ್ಥಿನ ತಂಟೆ ಇಲ್ಲ. ಹಳ್ಳಿಗಳಲ್ಲಿ ಅಪ್ಪ ಲಾರಿ ಬ್ಯಾಟರಿಯ ಮೇಲೆಯೇ ಮೈಕು ನಡೆಸುತ್ತಿದ್ದ. ಇದೆಲ್ಲ ಗೊತ್ತಿದ್ದೂ ನನಗೆ ಚಂದದ ಪವರ್ ಸಪ್ಲೈ ಮಾಡಿ ತೋರಿಸುವ ಚಪಲ. ಯಜಮಾನರಿಗೆ ಇದನ್ನು ಇನ್ನೂ ಹೇಳಿಲ್ಲ, ನೀವೂ ಹೇಳಬೇಡಿ.

ಒಳಗಿನ ಕೋಣೆಯಲ್ಲಿ ಕೂತೆವು. ಮೊಳದಗಲದ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮೂಲೆಯಲ್ಲಿ ಜೋಳದ ಚೀಲಗಳು. ಅಲ್ಲಿ ಗೋಡೆಗೆ ಕೌದಿ ಹೊದಿಸುವ ಅಗತ್ಯವೇ ಇರಲಿಲ್ಲ. ಈ ಸಲ ಟೆಸ್ಟ್ ಬಿಡಬಾರದೆಂದು, ರೆಕಾರ್ಡಿಂಗ್ ಒತ್ತಿ, ಹೆಡ್‌ಫೋನ್ ಹಾಕಿಕೊಂಡು, "ದೊಡ್ಡವ್ವ, ಹಾಡೂಕಿಂತ ಮೊದ್ಲ ಏನಾರ ಒಂದಿಷ್ಟು ಅನ್ನು" ಎಂದೆ.

ಅವಳು ಮೈಕನ್ನು ಹತ್ತಿರದಿಂದ ನೋಡಿದಳು. ಅದರ ಸೊಟ್ಟಾದ ಜಾಳಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಹೇಳಿದಳು.

"ಉಪ್ಪು. ಹುಣಸಿಹಣ್ಣು. ಒಣಮೆಣಸಿನಕಾಯಿ."

ನಾನು ಹೆಡ್‌ಫೋನ್ ತೆಗೆದೆ. "ಇದು ನಿನಗ ಯಾರು ಹೇಳಿಕೊಟ್ರು? ಅಪ್ಪನಾ?"

"ನನಗ್ಯಾಕ ಹೇಳಿಕೊಡಬೇಕು? ನಂದ ಅದು" ಎಂದಳು ದೊಡ್ಡವ್ವ.

ತೆಕ್ಕಲಕೋಟೆಯ ಮದುವೆ ಮುಗಿದ ವಾರಕ್ಕೆ ಅಪ್ಪ ಸೈಕಲ್ ಮೇಲೆ ಬ್ಯಾಟರಿ, ಹಾರ್ನು, ಇದೇ ಮೈಕು ಕಟ್ಟಿಕೊಂಡು ಕುರುಗೋಡಿಗೆ ಬಂದಿದ್ದನಂತೆ. ಯಾರಿಗೂ ಹೇಳಿರಲಿಲ್ಲ, ನಮ್ಮವ್ವನಿಗೂ. ಇದೇ ಅಂಗಳದಲ್ಲಿ ಎಲ್ಲ ಹೂಡಿ, ಹಾರ್ನನ್ನು ಗುಡ್ಡದ ಕಡೆ ತಿರುಗಿಸಿ, "ತಪ್ಪಾತ್ರೀ ಅಕ್ಕಾರ. ಈಗ ಕೂಗಂಗಿಲ್ಲ. ಒಂದ ಹಾಡು ಹಾಡ್ರಿ" ಎಂದು ನಿಂತನಂತೆ. ಇವಳು ಒಲ್ಲೆ ಎಂದಳು. ಹಾಡದಿದ್ದರೆ ಏನಾದರೂ ಅನ್ನಿರಿ ಎಂದ. ಇವಳಿಗೆ ಅವನ ಕಾಟ ತಪ್ಪಿದರೆ ಸಾಕಾಗಿತ್ತು. ಮೈಕಿನ ಮುಂದೆ ಬಾಯಿ ಹಾಕಿ, "ಉಪ್ಪು, ಹುಣಸಿಹಣ್ಣು, ಒಣಮೆಣಸಿನಕಾಯಿ. ಅಂಗಡಿಗಿ ಹೋಗಿ ತಂದ್ಕೊಡು, ನಡಿ" ಎಂದಳು. ಹಾರ್ನು ಕೂಗಲಿಲ್ಲ. ಅವಳ ದನಿ ಸ್ವಚ್ಛವಾಗಿ ಗುಡ್ಡದವರೆಗೆ ಹೋಗಿ ಬಂತು. ಅಪ್ಪ ಮುಖ ಅಗಲ ಮಾಡಿಕೊಂಡು ಸೈಕಲ್ ಹತ್ತಿ ಅಂಗಡಿಗೆ ಹೋದ.

"ಅಪ್ಪ ಹುಣಸಿಹಣ್ಣು ಎರಡ ಸಲ ಅಂತಿದ್ದ" ಎಂದೆ. ಸಕಾರ, ಬೋರ್ಡು, ನನ್ನ ಪಾಠ ಎಲ್ಲ ತಲೆಯಲ್ಲಿ ಓಡುತ್ತಿದ್ದವು.

"ಎಲ್ಲಿ ಅಂತಿದ್ದ?"

"ಎಲ್ಲಾ ಕಡೀನೂ. ಯಾವ ಊರಾಗ ಮೈಕ್ ಹಚ್ಚಿದ್ರೂ. ಸಾಯೂ ತನಕ. ಉಪ್ಪು, ಹುಣಸಿಹಣ್ಣು, ಒಣಮೆಣಸಿನಕಾಯಿ, ಮತ್ತ ಹುಣಸಿಹಣ್ಣು."

ದೊಡ್ಡವ್ವನಿಗೆ ಅದು ಗೊತ್ತಿರಲಿಲ್ಲ. ಅಪ್ಪ ಮೈಕು ಪರೀಕ್ಷಿಸುತ್ತಿದ್ದುದು ನೆಂಟರು ಬರುವ ಮುಂಚೆ, ಅವಳ ಕಿವಿಗೆ ಅದು ಬಿದ್ದಿರಲೇ ಇಲ್ಲ. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹುಣಸಿಹಣ್ಣ ಮರ್ತು ಬಂದಿದ್ದ" ಎಂದಳು ಕೊನೆಗೆ. "ಉಪ್ಪು ತಂದ, ಮೆಣಸಿನಕಾಯಿ ತಂದ. ಹುಣಸಿಹಣ್ಣೆಲ್ಲಿ ಅಂದ್ರ ನಾಲಿಗಿ ಕಚ್ಗೊಂಡ. ಮುಂದಿನ ಸಲ ತರ್ತೀನ್ರಿ ಅಕ್ಕಾರ ಅಂದು ಹೋದ. ಬಂದ, ಹತ್ತ ಸಲ ಬಂದ, ಹುಣಸಿಹಣ್ಣ ಮಾತ್ರ ತರಲಿಲ್ಲ. ಹುಚ್ಚ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಹಾಡು ಅಂತಾನೂ ಮತ್ತ ಕೇಳಲಿಲ್ಲ ನೋಡು. ಇನ್ನೊಂದ ಸಲ ಕೇಳಿದ್ರ ನಾ ಹಾಡತಿದ್ನೇನೋ."

ನಾನು ಕೇಳಿದೆ. ಹಾಡಿದಳು. ನೀರಿಗೆ ಹೋದ ಹೆಣ್ಣೊಬ್ಬಳು ಕೊಡ ತುಂಬುವವರೆಗೆ ತವರನ್ನು ನೆನೆಯುವ ಹಾಡು, ಅವಳವ್ವ ಕಲಿಸಿದ್ದು. ಸಾಲಿನ ಕೊನೆಗಳೆಲ್ಲ ಉಳಿದವು. ಒಂದೊಂದೂ ಮುಗಿಯಿತೋ ಇಲ್ಲವೋ ಗೊತ್ತಾಗದ ಹಾಗೆ ಮುಗಿಯುವುದು ಈಗ ಸರಿಯಾಗಿ ಕೇಳುತ್ತದೆ. ಅದು ಮುಗಿದ ಮೇಲೆ ಇನ್ನೂ ಆರು ಹಾಡಿದಳು. ಬ್ಯಾಟರಿ ತೀರಿತು, ಅವಳಲ್ಲಿ ಹಾಡು ತೀರಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮಾತು ಉಳಿಯಿತು, ಹಾಡಿನ ಮೇಲಿನ ಸ್ವರ ಹೋಯಿತು. "ಗಂಡಸಿನ ಕೊಳ್ಳು ಆಗೈತಿ" ಎಂದು ತಾನೇ ನಗುತ್ತಾಳೆ. ಆಸ್ಪತ್ರೆಯಲ್ಲಿ ಮಾತಾಡಬಾರದೆಂದು ಹೇಳಿದ್ದ ದಿನಗಳಲ್ಲಿ ನಾನು ಹೆಡ್‌ಫೋನ್ ಹಾಕಿ ಅವಳ ಹಾಡು ಅವಳಿಗೇ ಕೇಳಿಸಿದೆ. ಒಂದನ್ನು ಕೇಳಿ, ಬೆರಳನ್ನು ಹಿಂದಕ್ಕೆ ತಿರುಗಿಸಿ ಸನ್ನೆ ಮಾಡಿದಳು. ಮೊದಲಿನದು ಹಚ್ಚು ಎಂದು. ಸಾಮಾನ್ಯವಾಗಿ ಟೆಸ್ಟಿನ ಮಾತುಗಳನ್ನು ಕತ್ತರಿಸಿ ಬಿಸಾಡುತ್ತಾರೆ. ನಾನು ಬಿಸಾಡಿರಲಿಲ್ಲ. ಅದನ್ನು ಮೂರು ಸಲ ಕೇಳಿದಳು.

ಊರಿಗೆ ಬಿಡಲು ಕರೆದುಕೊಂಡು ಹೊರಟ ದಿನ ಬಜಾರಿನಲ್ಲಿ ಆಟೋ ನಿಲ್ಲಿಸಿ, ಒಂದು ಕಿಲೋ ಹುಣಸೆಹಣ್ಣು ಕಟ್ಟಿಸಿಕೊಂಡು ಬಂದು ಅವಳ ಕೈಗಿಟ್ಟೆ. ಅವಳು ಪೊಟ್ಟಣ ಬಿಡಿಸಿ ಮೂಸಿ ನೋಡಿದಳು.

"ಹೊಸಾದೋ, ಹಳೇದೋ?" ಎಂದಳು ಹೊಸ ದನಿಯಲ್ಲಿ.

"ಹಳೇದು ದೊಡ್ಡವ್ವ. ಬಾಳ ಹಳೇದು."

ಅವಳು ನನ್ನ ಮುಖ ನೋಡಿದಳು. ಪೊಟ್ಟಣವನ್ನು ಮತ್ತೆ ಕಟ್ಟಿ ಉಡಿಯಲ್ಲಿ ಹಾಕಿಕೊಂಡಳು. ಕುರುಗೋಡು ಬರುವವರೆಗೂ ಅದನ್ನು ಕೆಳಗಿಡಲಿಲ್ಲ.